ಮೊದಲು ಯಂತ್ರ, ಆಮೇಲೆ ಲಿನಕ್ಸ್

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತುಹೋಯಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಪೀಳಿಗೆಯ ಪ್ರೊಸೆಸರ್ ಬೇಕು. ಹಾಗಾಗಿ 2017ರ ಆಸುಪಾಸಿನ ತನಕ ಮಾರಾಟವಾಗಿ ಇವತ್ತಿಗೂ ಗಟ್ಟಿಮುಟ್ಟಾಗಿರುವ ಐ5, ಐ7 ಲ್ಯಾಪ್‌ಟಾಪ್‌ಗಳು ಲೆಕ್ಕದಿಂದ ಹೊರಗುಳಿದವು. ವೈಟ್‌ಫೀಲ್ಡ್‌ನಲ್ಲಿ ಇಂಥವು ಬೇಕಾದಷ್ಟು. ಐಟಿಪಿಎಲ್, ಇಪಿಐಪಿ ಕಡೆಯ ಕಚೇರಿಗಳಲ್ಲಿ ಕೆಲವು ವರ್ಷಕ್ಕೊಮ್ಮೆ ಲ್ಯಾಪ್‌ಟಾಪ್ ಬದಲಾಗುತ್ತವೆ, ಹಳೆಯವು ಕಪಾಟಿನಲ್ಲಿ ಕೂರುತ್ತವೆ ಅಥವಾ ಗುಜರಿಗೆ ಹೋಗುತ್ತವೆ. ಅದೇ ಕಚೇರಿಗಳಲ್ಲಿ ಹೌಸ್‌ಕೀಪಿಂಗ್, ಸೆಕ್ಯುರಿಟಿ, ಕ್ಯಾಬ್ ಕೆಲಸ ಮಾಡುವವರ ಮಕ್ಕಳು ಇಮ್ಮಡಿಹಳ್ಳಿ, ಚನ್ನಸಂದ್ರ, ಕಾಡುಗೋಡಿಯ ಒಂಟಿ ಕೋಣೆಗಳಲ್ಲಿ ಕೂತು ಮೊಬೈಲ್ ಪರದೆಯ ಮೇಲೆ ಪ್ರಾಜೆಕ್ಟ್ ರಿಪೋರ್ಟ್ ಟೈಪ್ ಮಾಡುತ್ತಾರೆ. ಕಪಾಟಿನ ಯಂತ್ರವನ್ನು ಆ ಕೋಣೆಗೆ ಮುಟ್ಟಿಸುವುದು ನನ್ನ ವಾರಾಂತ್ಯದ ಕೆಲಸ.

“ಲಿನಕ್ಸ್ ಹಾಕಿದ್ರೆ ಹೊಸದರ ಥರ ಆಗುತ್ತಲ್ವಾ ಸರ್?” ಎಂದು ಎಲ್ಲರೂ ಕೇಳುತ್ತಾರೆ. ಯಂತ್ರ ಆರೋಗ್ಯವಾಗಿದ್ದರೆ ಆಗುತ್ತದೆ. ಸಾಯುತ್ತಿರುವ ಡಿಸ್ಕಿಗೆ, ಉಬ್ಬಿದ ಬ್ಯಾಟರಿಗೆ, ಧೂಳು ಕಟ್ಟಿದ ಫ್ಯಾನಿಗೆ ಯಾವ ಆಪರೇಟಿಂಗ್ ಸಿಸ್ಟಮ್ಮೂ ಮದ್ದಲ್ಲ. ‘ಲಿನಕ್ಸ್ ಸರಿ ಇಲ್ಲ’ ಎಂದು ವಾಪಸು ಬರುವ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವುಗಳ ತೊಂದರೆ ಸ್ಕ್ರೂಡ್ರೈವರ್‌ನಿಂದ ಬಗೆಹರಿಯುವಂಥದ್ದು. ಆದ್ದರಿಂದ ಕೆಲಸದ ಕ್ರಮ ಮುಖ್ಯ.

1. ಬಯೋಸ್ ತೆರೆಯದ ಯಂತ್ರವನ್ನು ಒಪ್ಪಿಕೊಳ್ಳಬೇಡಿ

ಕಚೇರಿಯಿಂದ ಬಂದ ಲ್ಯಾಪ್‌ಟಾಪ್‌ನಲ್ಲಿ ಮೊದಲು ನೋಡಬೇಕಾದದ್ದು ಬಯೋಸ್ ಪಾಸ್‌ವರ್ಡ್. ಕಂಪನಿಯ ಐಟಿ ವಿಭಾಗ ಹಾಕಿದ ಸೂಪರ್‌ವೈಸರ್ ಪಾಸ್‌ವರ್ಡ್ ಹಾಗೇ ಉಳಿದಿದ್ದರೆ ಯುಎಸ್‌ಬಿಯಿಂದ ಬೂಟ್ ಮಾಡುವುದಕ್ಕೂ ಬಿಡದೆ ಇರಬಹುದು. ಕಚೇರಿ ದರ್ಜೆಯ ಮಾದರಿಗಳಲ್ಲಿ ಅದು ಮದರ್‌ಬೋರ್ಡಿನ ಬೇರೊಂದು ಚಿಪ್‌ನಲ್ಲಿರುತ್ತದೆ. ಬೋರ್ಡಿನ ಸಿಎಂಒಎಸ್ ಸೆಲ್ ಕಿತ್ತು ಹಾಕಿದರೂ ಹೋಗುವುದಿಲ್ಲ. ಕೊಡುವವರ ಎದುರಿಗೇ ಆನ್ ಮಾಡಿ, ಬಯೋಸ್‌ಗೆ ಹೋಗಿ, ಪಾಸ್‌ವರ್ಡ್ ತೆಗೆಸಿ. ಕದ್ದ ಮಾಲು ಪತ್ತೆಹಚ್ಚುವ ಟ್ರ್ಯಾಕಿಂಗ್ ಸೌಲಭ್ಯ ಚಾಲೂ ಇದ್ದರೆ ಅದನ್ನೂ ನಿಲ್ಲಿಸಲು ಹೇಳಿ. ಸೀರಿಯಲ್ ನಂಬರ್ ಬರೆದ ಒಂದು ಪತ್ರವನ್ನು ಲೆಟರ್‌ಹೆಡ್‌ನಲ್ಲಿ ಕೇಳಿ ಪಡೆಯಿರಿ. ಆಸೆಟ್ ಟ್ಯಾಗ್ ಅಂಟಿಸಿದ ಲ್ಯಾಪ್‌ಟಾಪ್ ಹಿಡಿದು ಓಡಾಡುವ ಹುಡುಗನನ್ನು ಯಾರಾದರೂ ಪ್ರಶ್ನಿಸಿದರೆ ಅವನ ಮರ್ಯಾದೆ ಉಳಿಸುವುದು ಆ ಪತ್ರವೇ.

ಒಳಗೆ ಡಿಸ್ಕ್ ಉಳಿದಿದ್ದರೆ ಹಳೆಯ ಮಾಲೀಕರ ಫೈಲುಗಳನ್ನು ತೆರೆದು ನೋಡುವ ಹಕ್ಕು ನಮಗಿಲ್ಲ. ಬಯೋಸ್ ಅಪ್‌ಡೇಟ್ (9ನೇ ಅಂಶ) ಮುಗಿದ ಮೇಲೆ ಪೂರ್ತಿ ಅಳಿಸಿಬಿಡಿ.

2. ಬ್ಯಾಟರಿ ಉಬ್ಬಿದ್ದರೆ ಮಿಕ್ಕಿದ್ದೆಲ್ಲ ಆಮೇಲೆ

ಟಚ್‌ಪ್ಯಾಡ್ ಒತ್ತಲು ಬಿಗಿಯಾಗಿದೆ, ಮುಚ್ಚಳ ಸರಿಯಾಗಿ ಕೂರುತ್ತಿಲ್ಲ, ಮೇಜಿನ ಮೇಲಿಟ್ಟರೆ ಅಲುಗಾಡುತ್ತದೆ ಎಂದರೆ ಮೊದಲ ಗುಮಾನಿ ಬ್ಯಾಟರಿಯ ಮೇಲಿರಲಿ. ಚಾರ್ಜ್‌ಗೆ ಹಾಕಬೇಡಿ, ಒತ್ತಿ ಸಮ ಮಾಡಲು ಹೋಗಬೇಡಿ, ಲೋಹದ ಪಟ್ಟಿಯಿಂದ ಮೀಟಬೇಡಿ. ಕನೆಕ್ಟರ್ ಬಿಡಿಸಿ, ಸ್ಕ್ರೂ ತೆಗೆದು, ಅಂಟಿಕೊಂಡಿದ್ದರೆ ಪ್ಲಾಸ್ಟಿಕ್ ಕಾರ್ಡಿನಿಂದ ನಿಧಾನವಾಗಿ ಎಬ್ಬಿಸಿ.

ಉಬ್ಬದ ಬ್ಯಾಟರಿಯ ಕಥೆಯನ್ನು ಲಿನಕ್ಸೇ ಹೇಳುತ್ತದೆ: ತಯಾರಾದಾಗಿನ ಸಾಮರ್ಥ್ಯ ಎಷ್ಟು, ಈಗ ತುಂಬಿದರೆ ಎಷ್ಟು ಎಂಬ ಎರಡೂ ಅಂಕಿಗಳು ಪವರ್ ಮಾಹಿತಿಯಲ್ಲಿ ಸಿಗುತ್ತವೆ. ಮೊದಲಿನ ಅರ್ಧಕ್ಕಿಂತ ಕೆಳಗಿಳಿದಿದ್ದರೆ ಮನೆಯವರಿಗೆ ಮೊದಲೇ ತಿಳಿಸುತ್ತೇನೆ. ಬದಲಿ ಬ್ಯಾಟರಿ ಕೊಳ್ಳುವಾಗ ಮಾದರಿಯ ಹೆಸರು ನೋಡಿದರೆ ಸಾಲದು, ಬ್ಯಾಟರಿ ಮೇಲಿನ ಪಾರ್ಟ್ ನಂಬರ್ ನೋಡಬೇಕು. ಕೆಲವು ಯಂತ್ರಗಳು ಬೇರೆ ತಯಾರಿಕೆಯ ಬ್ಯಾಟರಿಯನ್ನು ಗುರುತಿಸಿ ಚಾರ್ಜ್ ಮಾಡಲು ಒಪ್ಪುವುದೇ ಇಲ್ಲ.

3. ‘ಸ್ಲೋ’ ಎಂದರೆ ಮೊದಲು ಚಾರ್ಜರ್ ನೋಡಿ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದರಿಂದ ಲಿನಕ್ಸಿಗೆ ಬಂದಷ್ಟು ಕೆಟ್ಟ ಹೆಸರು ಬೇರೆ ಯಾವುದರಿಂದಲೂ ಬಂದಿಲ್ಲ ಎಂಬುದು ನನ್ನ ನಂಬಿಕೆ.

ಕೆಲವು ಕಂಪನಿಗಳ ದುಂಡು ಪಿನ್ನಿನ ಚಾರ್ಜರ್‌ನಲ್ಲಿ ನಡುವೆ ಒಂದು ಸಣ್ಣ ಸೂಜಿಯಂಥ ಪಿನ್ ಇರುತ್ತದೆ. ಅದು ಕರೆಂಟಿಗಲ್ಲ, ‘ನಾನು 65 ವಾಟ್’ ಅಥವಾ ‘ನಾನು 90 ವಾಟ್’ ಎಂದು ಲ್ಯಾಪ್‌ಟಾಪ್‌ಗೆ ತಿಳಿಸುವುದಕ್ಕೆ. ಆ ಪಿನ್ ಬಾಗಿದರೆ, ಒಳಗಿನ ತಂತಿ ತುಂಡಾದರೆ, ಇಲ್ಲವೇ ಚಾರ್ಜರ್ ಅಗ್ಗದ ನಕಲಿಯಾದರೆ, ಲ್ಯಾಪ್‌ಟಾಪ್‌ಗೆ ಚಾರ್ಜರ್‌ನ ಶಕ್ತಿ ಎಷ್ಟೆಂದು ಗೊತ್ತಾಗುವುದಿಲ್ಲ. ಆಗ ಅದು ಎಚ್ಚರಿಕೆಯ ಹೆಜ್ಜೆ ಇಡುತ್ತದೆ: ಬ್ಯಾಟರಿ ಚಾರ್ಜ್ ಮಾಡುವುದಿಲ್ಲ, ಪ್ರೊಸೆಸರ್ ವೇಗವನ್ನು ತಳಕ್ಕೆ, ಎಷ್ಟೋ ಸಲ 800 ಮೆಗಾಹರ್ಟ್ಸ್‌ಗೆ, ಕಟ್ಟಿಹಾಕುತ್ತದೆ. ಐ5 ಇದ್ದರೂ ಬ್ರೌಸರ್ ತೆವಳುತ್ತದೆ. ಆನ್ ಮಾಡಿದಾಗ ಬರುವ ಎಚ್ಚರಿಕೆಯ ಸಾಲನ್ನು ಎಲ್ಲರೂ ಎಂಟರ್ ಒತ್ತಿ ದಾಟಿಸುತ್ತಾರೆ. ಆಮೇಲೆ ಡಿಸ್ಟ್ರೋ (ಲಿನಕ್ಸಿನ ಬಗೆ) ಬದಲಿಸುತ್ತಾರೆ, ಡೆಸ್ಕ್‌ಟಾಪ್ ಬದಲಿಸುತ್ತಾರೆ, ಕೊನೆಗೆ ಲಿನಕ್ಸನ್ನೇ ಬಿಡುತ್ತಾರೆ. ಪ್ರೊಸೆಸರ್ ಈಗ ಎಷ್ಟು ವೇಗದಲ್ಲಿ ಓಡುತ್ತಿದೆ ಎಂದು ಒಮ್ಮೆ ನೋಡಿ. ಎರಡು ವಿಡಿಯೊ ತೆರೆದರೂ ಅಂಕಿ ಮೇಲೇಳದಿದ್ದರೆ ಬೇರೆ ಒಳ್ಳೆಯ ಚಾರ್ಜರ್ ಹಾಕಿ ನೋಡಿ.

ಚಾರ್ಜರ್ ಬದಲಿಸಿದರೂ ಹಾಗೇ ಇದ್ದರೆ ತೊಂದರೆ ಲ್ಯಾಪ್‌ಟಾಪ್ ಬದಿಯ ಪವರ್ ಜ್ಯಾಕ್‌ನಲ್ಲಿರಬಹುದು. ಎಷ್ಟೋ ಮಾದರಿಗಳಲ್ಲಿ ಅದು ತಂತಿಯೊಂದಿಗೆ ಬರುವ ಬಿಡಿಭಾಗ, ಬೆಸುಗೆ ಬೇಕಿಲ್ಲ, ಎಸ್.ಪಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಕಾಡುಗೋಡಿಯಿಂದ ಮೆಜೆಸ್ಟಿಕ್‌ಗೆ ನೇರಳೆ ಮಾರ್ಗದ ಮೆಟ್ರೊ 2023ರ ಅಕ್ಟೋಬರ್‌ನಿಂದ ತಡೆಯಿಲ್ಲದೆ ಓಡುತ್ತಿದೆ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ, ಅಲ್ಲಿಂದ ಎಸ್.ಪಿ. ರೋಡ್ ಹತ್ತಿರ. ಲ್ಯಾಪ್‌ಟಾಪನ್ನೇ ಹೊತ್ತುಕೊಂಡು ಹೋಗಿ, ಅಂಗಡಿಯ ಮುಂದೆಯೇ ಹಾಕಿಸಿ ನೋಡಿ ತನ್ನಿ.

ಇನ್ನೊಂದು ಮಾತು. ಬಾಡಿಗೆ ಕೋಣೆಗಳಲ್ಲಿ, ಪಿಜಿಗಳಲ್ಲಿ ಸಾಕೆಟ್ಟಿಗೆ ಅರ್ಥಿಂಗ್ ಇಲ್ಲದಿರುವುದು ಅಪರೂಪವಲ್ಲ. ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ಟಚ್‌ಪ್ಯಾಡ್ ಎಲ್ಲೆಲ್ಲೋ ಹಾರುತ್ತದೆ. ಚಾರ್ಜರ್ ತೆಗೆದಾಗ ಟಚ್‌ಪ್ಯಾಡ್ ನೆಟ್ಟಗಾದರೆ ಡ್ರೈವರ್ ಹುಡುಕುವುದು ಬಿಟ್ಟು ಎಲೆಕ್ಟ್ರಿಷಿಯನ್ನರನ್ನು ಕರೆಸಿ.

4. ಲೈವ್ ಯುಎಸ್‌ಬಿ ಎಂದರೆ ತಪಾಸಣೆಯ ಸಾಧನ

ಇನ್‌ಸ್ಟಾಲ್ ಗುಂಡಿಯನ್ನು ಮೊದಲ ದಿನ ಒತ್ತಲೇಬಾರದು. ಪೆನ್‌ಡ್ರೈವ್‌ನಿಂದ ಲಿನಕ್ಸ್ ಓಡಿಸಿ ಕೀಲಿಮಣೆಯ ಒಂದೊಂದೇ ಕೀಲಿ, ಕ್ಯಾಮೆರಾ, ಮೈಕ್, ಸ್ಪೀಕರ್, ಪ್ರತಿಯೊಂದು ಯುಎಸ್‌ಬಿ ಪೋರ್ಟ್, ಎಚ್‌ಡಿಎಂಐ, ಮುಚ್ಚಳ ಮುಚ್ಚಿದಾಗ ನಿದ್ರೆಗೆ ಹೋಗಿ ತೆರೆದಾಗ ಏಳುವುದು, ಎಲ್ಲವನ್ನೂ ನೋಡಿ. ಪರದೆಯನ್ನು ಹಿಂದೆ ಮುಂದೆ ಬಾಗಿಸುವಾಗ ಗೆರೆ ಮೂಡಿದರೆ ಹಿಂಜ್‌ನ ಬಳಿ ಡಿಸ್‌ಪ್ಲೇ ಕೇಬಲ್ ಸವೆದಿದೆ ಎಂದು ಅರ್ಥ. ಹಿಂಜ್ ಬಿಗಿಯಾಗಿ, ಮುಚ್ಚಳ ಎತ್ತುವಾಗ ಮೂಲೆಯ ಪ್ಲಾಸ್ಟಿಕ್ ಕಿರ್ ಎಂದರೆ ಸ್ಕ್ರೂ ಹಿಡಿದಿರುವ ಹಿತ್ತಾಳೆಯ ಬುಶ್ ಕಿತ್ತುಬರುವ ಹಂತದಲ್ಲಿದೆ. ಆಗಲೇ ಹಿಂಜ್ ಸಡಿಲಿಸಿದರೆ ಪರದೆ ಉಳಿಯುತ್ತದೆ.

ಆಮೇಲೆ ಕರ್ನೆಲ್ ಲಾಗ್ ಓದಿ. ಲಿನಕ್ಸಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಗುಣ ಇದೇ: ಯಂತ್ರದ ನೋವನ್ನು ಅದು ಮುಚ್ಚಿಡುವುದಿಲ್ಲ. ಡಿಸ್ಕ್ ಓದಲಾಗದೆ ಮತ್ತೆ ಮತ್ತೆ ಯತ್ನಿಸಿದ್ದು, ಯುಎಸ್‌ಬಿ ಸಂಪರ್ಕ ಕಡಿದು ಕೂಡಿದ್ದು, ಪ್ರೊಸೆಸರ್ ಬಿಸಿಯಾಗಿ ನಿಧಾನವಾಗಿದ್ದು, ಎಲ್ಲ ಗಂಟೆ ನಿಮಿಷ ಸಹಿತ ಅಲ್ಲಿರುತ್ತದೆ. ಇಂಗ್ಲಿಷ್ ಸಾಲುಗಳ ರಾಶಿ ನೋಡಿ ಹೆದರಬೇಕಿಲ್ಲ. ಕೆಂಪು ಬಣ್ಣದಲ್ಲಿ ಬಂದವನ್ನು, ಒಂದೇ ಮಾತು ಪದೇ ಪದೇ ಬಂದದ್ದನ್ನು ಗುರುತು ಹಾಕಿಕೊಂಡರೆ ಅರ್ಧ ರೋಗ ಗೊತ್ತಾದಂತೆ.

5. ಡಿಸ್ಕಿನ ನಾಲ್ಕು ಅಂಕಿಗಳು

ಪ್ರತಿ ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಇಡುತ್ತದೆ. ಅದಕ್ಕೆ ಸ್ಮಾರ್ಟ್ ವರದಿ ಎನ್ನುತ್ತಾರೆ. ‘ಪಾಸ್ಡ್’ ಎಂಬ ಒಂದೇ ಪದ ನೋಡಿ ನೆಮ್ಮದಿಯಾಗಬೇಡಿ. ಹಾರ್ಡ್‌ಡಿಸ್ಕ್ ಆದರೆ 5, 197, 198 ಮತ್ತು 199ನೇ ಸಾಲುಗಳನ್ನು ನೋಡಿ. 5 ಎಂದರೆ ಕೆಟ್ಟುಹೋಗಿ ಬದಲಿ ಜಾಗ ಕೊಟ್ಟ ಸೆಕ್ಟರ್‌ಗಳು. 197 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವವು, 198 ಎಂದರೆ ಸರಿಪಡಿಸಲಾಗದವು. ಈ ಮೂರರಲ್ಲಿ ಯಾವುದಾದರೂ ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕಿನ ಮೇಲೆ ಮಗುವೊಂದರ ವರ್ಷದ ಓದನ್ನು ಇಡಬಾರದು. 199 ಬೇರೆ ಜಾತಿಯದು. ಅದು ಡಿಸ್ಕ್ ಮತ್ತು ಬೋರ್ಡಿನ ನಡುವಿನ ಮಾತುಕತೆಯಲ್ಲಿ ಆದ ತಪ್ಪುಗಳ ಎಣಿಕೆ, ಎಂದರೆ ಕೇಬಲ್ಲಿನ ದೋಷ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್ ಒಂದು ತೆಳ್ಳನೆಯ ಪಟ್ಟಿ ಕೇಬಲ್‌ನಲ್ಲಿ ನೇತಾಡುತ್ತಿದ್ದರೆ, ಅದನ್ನು ಬದಲಿಸದೆ ಹೊಸ ಎಸ್‌ಎಸ್‌ಡಿ ಹಾಕಿದರೂ ಅದೇ ಗೋಳು. ಒಳ್ಳೆಯ ಡಿಸ್ಕನ್ನು ಬಿಸಾಡಿ ಕೆಟ್ಟ ಕೇಬಲ್ ಉಳಿಸಿಕೊಂಡವರನ್ನು ಬಹಳ ನೋಡಿದ್ದೇನೆ.

ಹಣ ಒಂದೇ ಕಡೆ ಹಾಕಲು ಸಾಧ್ಯವಿದ್ದರೆ ಎಸ್‌ಎಸ್‌ಡಿಗೆ ಹಾಕಿ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ 7 ಮಿಲಿಮೀಟರ್ ದಪ್ಪ ಇರುತ್ತದೆ. ಹಳೆಯ ಹಾರ್ಡ್‌ಡಿಸ್ಕ್ ಸಾಮಾನ್ಯವಾಗಿ 9.5. ಆ ಎರಡೂವರೆ ಮಿಲಿಮೀಟರ್ ಸಂದಿಗೆ ಸ್ಪೇಸರ್ ಕೊಡದಿದ್ದರೆ ಕನೆಕ್ಟರ್ ಸಡಿಲವಾಗಿ, ಬಸ್ಸಿನಲ್ಲಿ ಬ್ಯಾಗ್ ಕುಲುಕಿದ ದಿನ ಡಿಸ್ಕ್ ಕಾಣೆಯಾಗುತ್ತದೆ.

6. ರ‍್ಯಾಮ್ ಕೊಳ್ಳುವ ಮುನ್ನ ‘ಎಲ್’ ಅಕ್ಷರ ನೋಡಿ

ಡಿಡಿಆರ್3 ಓಡುವುದು 1.5 ವೋಲ್ಟ್‌ನಲ್ಲಿ, ಡಿಡಿಆರ್3ಎಲ್ 1.35ರಲ್ಲಿ. ತೋಡು ಒಂದೇ ಆದ್ದರಿಂದ ಎರಡೂ ಸ್ಲಾಟಿನಲ್ಲಿ ಕೂರುತ್ತವೆ. ಆದರೆ ಡಿಡಿಆರ್3 ಸ್ಲಾಟ್ ಇರುವ, ಇಂಟೆಲ್ ನಾಲ್ಕನೇ ಪೀಳಿಗೆಯಿಂದೀಚೆಗಿನ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ ‘ಎಲ್’ ಇರುವುದನ್ನೇ ಬೇಡುತ್ತವೆ. ಇನ್ನೊಂದನ್ನು ಹಾಕಿದರೆ ಪರದೆ ಕಪ್ಪಾಗಿಯೇ ಇರುತ್ತದೆ. ಸೆಕೆಂಡ್‌ಹ್ಯಾಂಡ್ ರ‍್ಯಾಮ್ ತಂದ ರಾತ್ರಿ ಮೆಮ್‌ಟೆಸ್ಟ್86+ ಓಡಿಸಿ ಮಲಗಿ. 2022ರಲ್ಲಿ ಬಂದ ಆರನೇ ಆವೃತ್ತಿಯಿಂದ ಅದು ಯುಇಎಫ್‌ಐ ಯಂತ್ರಗಳಲ್ಲೂ ನೇರವಾಗಿ ಓಡುತ್ತದೆ. ಒಂದೇ ಒಂದು ತಪ್ಪು ತೋರಿಸಿದರೂ ಆ ಪಟ್ಟಿ ಬೇಡ. ಕೆಟ್ಟ ರ‍್ಯಾಮ್‌ನ ಕೇಡು ಎಂದರೆ ಅದು ಇನ್‌ಸ್ಟಾಲ್ ಆಗುವ ಫೈಲುಗಳನ್ನೇ ಸದ್ದಿಲ್ಲದೆ ಹಾಳು ಮಾಡುತ್ತದೆ, ತಿಂಗಳ ನಂತರ ಕಾರಣ ತಿಳಿಯದೆ ಒದ್ದಾಡುತ್ತೇವೆ. ಬೋರ್ಡಿಗೇ ಬೆಸೆದ ರ‍್ಯಾಮ್ ಆಗಿದ್ದು, ತಪ್ಪು ಒಂದೇ ಸಣ್ಣ ವಿಳಾಸದ ಸುತ್ತ ಇದ್ದರೆ, ಆ ಜಾಗ ಮುಟ್ಟಬೇಡ ಎಂದು ಬೂಟ್ ಆಗುವಾಗಲೇ ಕರ್ನೆಲ್‌ಗೆ ಹೇಳಲು ದಾರಿ ಇದೆ. ಗುಜರಿಗೆ ಹೋಗಬೇಕಾದ ಯಂತ್ರ ಹೀಗೂ ಉಳಿಯುತ್ತದೆ.

7. ಧೂಳು

ವರ್ತೂರು, ಗುಂಜೂರು, ಚನ್ನಸಂದ್ರದ ಸುತ್ತ ಕಟ್ಟಡ ಕೆಲಸ ನಿಂತ ದಿನವೇ ಇಲ್ಲ. ಸಿಮೆಂಟಿನ ಸಣ್ಣ ಧೂಳು ಫ್ಯಾನ್ ಮತ್ತು ತಾಮ್ರದ ರೆಕ್ಕೆಗಳ ನಡುವೆ ಕಂಬಳಿ ತುಂಡಿನಂತೆ ಹೆಪ್ಪುಗಟ್ಟುತ್ತದೆ. ಹೊರಗಿನಿಂದ ಗಾಳಿ ಊದಿದರೆ ಅದು ಒಳಕ್ಕೇ ಹೋಗುತ್ತದೆ. ಫ್ಯಾನ್ ಬಿಚ್ಚಿ ಬ್ರಶ್‌ನಿಂದ ತೆಗೆಯಬೇಕು. ಊದುವಾಗ ಫ್ಯಾನ್ ತಿರುಗದಂತೆ ಬೆರಳಿಟ್ಟು ಹಿಡಿಯಿರಿ. ಒಣಗಿ ಸುಣ್ಣದಂತಾದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ. ದಪ್ಪ ಪ್ಯಾಡ್ ಇದ್ದ ಕಡೆ ಪೇಸ್ಟ್ ಹಚ್ಚಬೇಡಿ, ಅಷ್ಟೇ ದಪ್ಪದ ಪ್ಯಾಡನ್ನೇ ಹಾಕಿ. ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕ ಅಚ್ಚಾಗಿರುವ 1, 2, 3, 4 ಎಂಬ ಕ್ರಮದಲ್ಲೇ ಬಿಗಿಯಿರಿ. ಆಮೇಲೆ ಅರ್ಧ ಗಂಟೆ ಪ್ರೊಸೆಸರ್‌ಗೆ ಪೂರ್ತಿ ಭಾರ ಕೊಟ್ಟು ಸೆನ್ಸರ್ ಅಂಕಿ ನೋಡುತ್ತಿರಿ. ನೂರು ಡಿಗ್ರಿಯ ಹತ್ತಿರ ಹೋಗಿ ವೇಗ ಇಳಿದರೆ ಮತ್ತೆ ಬಿಚ್ಚಿ.

8. ನಾಣ್ಯದಂಥ ಸೆಲ್ಲಿಗೆ ಮರ್ಯಾದೆ ಕೊಡಿ

ವರ್ಷಗಟ್ಟಲೆ ಕಪಾಟಿನಲ್ಲಿದ್ದ ಯಂತ್ರದ 3 ವೋಲ್ಟಿನ ಸಿಎಂಒಎಸ್ ಸೆಲ್ ಸತ್ತಿರುವುದೇ ಹೆಚ್ಚು. ಗಡಿಯಾರ ಹಿಂದಕ್ಕೆ ಹೋದರೆ ಬ್ರೌಸರ್ ಎಲ್ಲ ತಾಣಗಳನ್ನೂ ಅಸುರಕ್ಷಿತ ಎನ್ನುತ್ತದೆ, ಅಪ್‌ಡೇಟ್ ಮಾಡಹೋದರೆ ‘ಈ ಕಡತ ಇನ್ನೂ ಚಾಲ್ತಿಗೆ ಬಂದಿಲ್ಲ’ ಎಂಬರ್ಥದ ದೂರು ಬರುತ್ತದೆ. ಕೆಲವು ಯಂತ್ರಗಳಲ್ಲಿ ಬಯೋಸ್ ಆಯ್ಕೆಗಳೂ ಮೊದಲಿನಂತಾಗಿ ಲಿನಕ್ಸ್ ಬೂಟ್ ಆಗುವುದೇ ನಿಂತುಬಿಡುತ್ತದೆ. ಸಣ್ಣ ದುಡ್ಡಿನ ಕೆಲಸ, ಹೇಗೂ ಬಿಚ್ಚಿದಾಗ ಬದಲಿಸಿಬಿಡಿ.

9. ವಿಂಡೋಸ್ ಅಳಿಸುವ ಮೊದಲು ಬಯೋಸ್ ಅಪ್‌ಡೇಟ್

ಎಷ್ಟೋ ಹಳೆಯ ಮಾದರಿಗಳ ಬಯೋಸ್ ಫೈಲ್ ಓಡುವುದು ವಿಂಡೋಸ್‌ನಲ್ಲಿ ಮಾತ್ರ. ಹೊಸ ಮಾದರಿಗಳಿಗೆ ಲಿನಕ್ಸಿನ ಎಫ್‌ಡಬ್ಲ್ಯುಯುಪಿಡಿಯಿಂದಲೇ ಅಪ್‌ಡೇಟ್ ಸಿಗುತ್ತದೆ, ಹಳೆಯವಕ್ಕೆ ಆ ಭಾಗ್ಯ ಇಲ್ಲ. ಚಾರ್ಜರ್ ಸಿಕ್ಕಿಸಿದ್ದರೂ ಬ್ಯಾಟರಿಯಲ್ಲಿ ಒಂದಿಷ್ಟು ಚಾರ್ಜ್ ಇರಲೇಬೇಕೆಂದು ಹಠ ಹಿಡಿಯುವ ಯಂತ್ರಗಳಿವೆ. ಬ್ಯಾಟರಿ, ಚಾರ್ಜರ್‌ಗಳನ್ನು ಮೇಲೆ ಮೊದಲು ಇಟ್ಟಿದ್ದಕ್ಕೆ ಇದೂ ಒಂದು ಕಾರಣ. ಮಳೆಗಾಲದ ಸಂಜೆ ಕರೆಂಟ್ ಹೋಗುವ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಬಯೋಸ್‌ನಲ್ಲಿದ್ದಾಗಲೇ ಸ್ಟೋರೇಜ್ ‘ರೇಡ್’ ಎಂದಿದ್ದರೆ ‘ಎಎಚ್‌ಸಿಐ’ಗೆ ಬದಲಿಸಿ. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುತ್ತಿಲ್ಲ ಎಂಬ ದೂರಿಗೆ ಬಹುತೇಕ ಇದೇ ಉತ್ತರ.

10. ವೈಫೈ ಕಾಣದಿದ್ದರೆ ಮೊಬೈಲ್ ಸಿಕ್ಕಿಸಿ

ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಸೇರಿಸಿ ಯುಎಸ್‌ಬಿ ಟೆದರಿಂಗ್ ಒತ್ತಿದರೆ ಲಿನಕ್ಸ್ ಕೂಡಲೇ ಇಂಟರ್ನೆಟ್ ಹಿಡಿಯುತ್ತದೆ. ಬೇಕಾದ ಫರ್ಮ್‌ವೇರ್ ಇಳಿಸಿಕೊಳ್ಳಬಹುದು. ಡೆಬಿಯನ್ 2023ರ 12ನೇ ಆವೃತ್ತಿಯಿಂದ ಮುಕ್ತವಲ್ಲದ ಫರ್ಮ್‌ವೇರನ್ನೂ ಇನ್‌ಸ್ಟಾಲರ್‌ನಲ್ಲೇ ಕೊಡುತ್ತಿರುವುದರಿಂದ ಈ ಕಾಟ ಕಡಿಮೆಯಾಗಿದೆ. ಕೆಲವು ಬ್ರಾಡ್‌ಕಾಮ್ ಕಾರ್ಡ್‌ಗಳು ಈಗಲೂ ಸತಾಯಿಸುತ್ತವೆ. ಇಂಟೆಲ್ ಕಾರ್ಡ್‌ಗೆ ಬದಲಿಸುವುದಾದರೆ ಬಯೋಸ್ ಬೇರೆ ಕಾರ್ಡ್ ಒಪ್ಪುತ್ತದೆಯೇ ಎಂದು ಮೊದಲು ತಿಳಿದುಕೊಳ್ಳಿ. ಎನ್‌ವಿಡಿಯಾ ಚಿಪ್ ಇರುವ ಹಳೆಯ ಯಂತ್ರಗಳಲ್ಲಿ, ಬಯೋಸ್ ಅವಕಾಶ ಕೊಟ್ಟರೆ, ಅದನ್ನು ನಿಲ್ಲಿಸಿ ಇಂಟೆಲ್ ಗ್ರಾಫಿಕ್ಸನ್ನೇ ಉಳಿಸುತ್ತೇನೆ. ಉದಾಹರಣೆಗೆ ಕೆಪ್ಲರ್ ಪೀಳಿಗೆಗೆ 470ರ ಸಾಲಿನ ಡ್ರೈವರೇ ಕೊನೆ. ಓದುವ ಮಗುವಿಗೆ ಬ್ಯಾಟರಿ ಉಳಿಯುವುದು ಮುಖ್ಯ.

11. ಯಾರಿಗೆ ಎಂದು ಕೇಳದೆ ಡಿಸ್ಟ್ರೋ ಆರಿಸಬೇಡಿ

ಬಿ.ಕಾಂ ಓದುವ ಹುಡುಗಿಗೆ ಕಾಲೇಜಿನಲ್ಲಿ ಟ್ಯಾಲಿ ಕಲಿಸುತ್ತಾರೆ, ಪಾಲಿಟೆಕ್ನಿಕ್‌ನ ಹುಡುಗನಿಗೆ ಆಟೊಕ್ಯಾಡ್. ಎರಡೂ ಲಿನಕ್ಸಿಗೆಂದು ಮಾಡಿದವಲ್ಲ. ಇದನ್ನು ಮುಚ್ಚಿಟ್ಟು ಕೊಟ್ಟರೆ ಅದು ಸಹಾಯವಲ್ಲ. “ಇದರಲ್ಲಿ ಟ್ಯಾಲಿ ಬರಲ್ಲ ಅಕ್ಕ, ಲೆಕ್ಕಕ್ಕೆ ಲಿಬ್ರೆಆಫೀಸ್ ಇದೆ, ನಿಮ್ಮ ಮಗಳಿಗೆ ಸಾಕಾಗುತ್ತಾ ಕೇಳಿ” ಎಂದು ಮೊದಲೇ ಹೇಳುತ್ತೇನೆ. ಸಾಕಾಗದಿದ್ದರೆ ಆ ಯಂತ್ರ ಬೇರೆಯವರಿಗೆ.

ಉಳಿದವರಿಗೆ ನನ್ನ ಆಯ್ಕೆ ಲಿನಕ್ಸ್ ಮಿಂಟ್. 4 ಜಿಬಿ ರ‍್ಯಾಮ್ ಆದರೆ ಎಕ್ಸ್‌ಎಫ್‌ಸಿಇ, 8 ಆದರೆ ಸಿನಮನ್. 22ನೇ ಸರಣಿಗೆ 2029ರ ತನಕ ಅಪ್‌ಡೇಟ್ ಇದೆ. ದಿನಕ್ಕೊಂದು ಡಿಸ್ಟ್ರೋ ಹಾಕಿ ನೋಡುವ ಹವ್ಯಾಸ ನಮ್ಮ ಯಂತ್ರಕ್ಕಿರಲಿ. ಬೇರೆಯವರ ಮನೆಗೆ ಹೋಗುವುದರಲ್ಲಿ ಸ್ಥಿರವಾದದ್ದೇ ಇರಬೇಕು. ತೀರಾ ಹಳೆಯ 32 ಬಿಟ್ ಯಂತ್ರಗಳನ್ನು ನಾನು ಈಗ ತೆಗೆದುಕೊಳ್ಳುವುದಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಅವುಗಳಿಗೆ ಇನ್‌ಸ್ಟಾಲರೇ ಇಲ್ಲ.

12. ಕನ್ನಡ ಬರೆಯಲು ಬಾರದ ಯಂತ್ರ ಇನ್ನೂ ತಯಾರಾಗಿಲ್ಲ

ಎಲ್ಲ ಮುಗಿಯಿತು ಎಂದು ಕೈ ತೊಳೆದುಕೊಳ್ಳುವುದು ಇಲ್ಲೇ, ಮನೆಯವರಿಗೆ ನಿಜವಾದ ಉಪಯೋಗ ಶುರುವಾಗುವುದೂ ಇಲ್ಲೇ. ಕೀಲಿಮಣೆಯ ಪಟ್ಟಿಯಲ್ಲಿ ಕನ್ನಡದ ಅಡಿ ‘ಕಗಪ’ ಎಂಬ ಫೊನೆಟಿಕ್ ವಿನ್ಯಾಸ ಲಿನಕ್ಸಿನಲ್ಲಿ ಮೊದಲೇ ಇರುತ್ತದೆ. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಅದೇ ಅಭ್ಯಾಸ ಹೆಚ್ಚುಕಡಿಮೆ ಮುಂದುವರಿಯುತ್ತದೆ, ಏಕೆಂದರೆ ಎರಡರ ಬೇರೂ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿದೆ. ಇನ್‌ಸ್ಕ್ರಿಪ್ಟ್ ಬೇಕಾದವರಿಗೆ ಅದೂ ಉಂಟು. ಭಾಷೆ ಬದಲಿಸುವ ಕೀಲಿಯನ್ನು ಒಂದು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿ.

ಫಾಂಟ್‌ಗಳಲ್ಲಿ ನೋಟೊ ಸಾನ್ಸ್ ಕನ್ನಡ, ಲೋಹಿತ್ ಕನ್ನಡ ಹಾಕಿ. ತುಂಗಾ ಮೈಕ್ರೋಸಾಫ್ಟಿನದು, ಅದರಲ್ಲಿ ಮಾಡಿದ ಕಡತ ತೆರೆದರೆ ಅಕ್ಷರ ಸರಿಯಾಗಿಯೇ ಕಾಣುತ್ತದೆ, ಪುಟದ ಅಳತೆ ಮಾತ್ರ ಹೆಚ್ಚುಕಡಿಮೆಯಾಗುತ್ತದೆ. ಹಳೆಯ ನುಡಿ, ಬರಹ ಫಾಂಟ್‌ಗಳ ಕಡತಗಳದ್ದು ಬೇರೆ ಸಮಸ್ಯೆ. ಅವು ಯೂನಿಕೋಡ್ ಅಲ್ಲ, ಆದ್ದರಿಂದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಅಪ್ಪ ಯಾವುದೋ ಸಂಘದ ಕಾರ್ಯದರ್ಶಿ, ಹತ್ತು ವರ್ಷದ ನಡಾವಳಿ ನುಡಿಯಲ್ಲಿದೆ ಎಂದರೆ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಕೊಟ್ಟು, ಮೂಲವನ್ನೂ ಬೇರೆ ಫೋಲ್ಡರ್‌ನಲ್ಲಿ ಇಟ್ಟು, ಒತ್ತಕ್ಷರ, ಅರ್ಕಾವೊತ್ತುಗಳನ್ನು ಅವರ ಜೊತೆ ಕೂತು ನೋಡಿ.

ಶಾಲೆಯ ಕನ್ನಡಕ್ಕೂ ಲಿನಕ್ಸಿಗೂ ಆಗಿಬರುವುದಿಲ್ಲ ಎನ್ನುವವರಿಗೆ ನಾನು ಕಾಸರಗೋಡನ್ನು ತೋರಿಸುತ್ತೇನೆ. ಕೇರಳದ ಐಟಿ@ಸ್ಕೂಲ್, 2017ರಿಂದ ಕೈಟ್ ಎಂಬ ಹೆಸರಿನ ಸಂಸ್ಥೆ, ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠವನ್ನೆಲ್ಲ ಮುಕ್ತ ತಂತ್ರಾಂಶದ ಮೇಲೆ ಕಟ್ಟಿದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಐಸಿಟಿ ಪಠ್ಯವನ್ನು ಕನ್ನಡದಲ್ಲೇ ಓದಿ, ಉಬುಂಟು ಆಧಾರಿತ ಲಿನಕ್ಸ್‌ನಲ್ಲೇ ಕಲಿಯುತ್ತಾರೆ. ಮಂಜೇಶ್ವರದ ಮಗುವಿಗೆ ಆಗುವುದು ಕಾಡುಗೋಡಿಯ ಮಗುವಿಗೆ ಏಕಾಗಬಾರದು?

13. ಕೊಡುವಾಗ, ಮತ್ತು ಕೊಡಲಾಗದ್ದು

ಪಾಸ್‌ವರ್ಡನ್ನು ಬಳಸುವವರೇ ಇಡಲಿ, ನಮಗೆ ಹೇಳುವುದು ಬೇಡ. ಟೈಮ್‌ಶಿಫ್ಟ್‌ನಲ್ಲಿ ಸಿಸ್ಟಮ್ಮಿನ ಒಂದು ಚಿತ್ರಣ ಉಳಿಸಿ, ಅಪ್‌ಡೇಟ್ ಒತ್ತುವುದನ್ನು ಅವರ ಕೈಯಲ್ಲೇ ಮಾಡಿಸಿ. ಬದಲಿಸಿದ ಬಿಡಿಭಾಗ, ಬ್ಯಾಟರಿಯ ಸಾಮರ್ಥ್ಯ, ಡಿಸ್ಕಿನ ಅಂಕಿಗಳನ್ನು ತಾರೀಖು ಸಹಿತ ಬರೆದು ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇಡಿ. ಮುಂದೆ ಯಾರು ರಿಪೇರಿ ಮಾಡಿದರೂ ಅವರಿಗೆ ಅದು ಬೇಕು.

ಬೋರ್ಡ್ ಸತ್ತ ಯಂತ್ರದಿಂದ ಪರದೆ, ಕೀಲಿಮಣೆ, ಫ್ಯಾನ್, ಹಿಂಜ್, ಸ್ಕ್ರೂಗಳನ್ನು ತೆಗೆದು ಮಾದರಿಯ ಹೆಸರು ಬರೆದ ಡಬ್ಬಿಯಲ್ಲಿಡುತ್ತೇನೆ. ಉಳಿದದ್ದನ್ನು ರಸ್ತೆ ಬದಿಯ ಗುಜರಿಗೆ ಹಾಕುವುದಿಲ್ಲ; ಅಲ್ಲಿ ತಾಮ್ರಕ್ಕಾಗಿ ತಂತಿ ಸುಡುತ್ತಾರೆ, ಆ ಹೊಗೆ ಕುಡಿಯುವವರೂ ಇದೇ ಬಡಾವಣೆಯ ಮಕ್ಕಳು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ದೊಡ್ಡ ಕಚೇರಿಗಳು ಇಂಥದ್ದನ್ನು ನೋಂದಾಯಿತ ಘಟಕಗಳಿಗೇ ಕೊಡಬೇಕು. ದಾಬಸ್‌ಪೇಟೆಯಲ್ಲಿ 2005ರಿಂದ ನಡೆಯುತ್ತಿರುವ ಇ-ಪರಿಸರ ದೇಶದ ಮೊದಮೊದಲ ಅಧಿಕೃತ ಘಟಕಗಳಲ್ಲೊಂದು. ಲ್ಯಾಪ್‌ಟಾಪ್ ಕೊಟ್ಟ ಕಚೇರಿಯನ್ನೇ ಕೇಳಿ, ಅವರ ಮುಂದಿನ ಇ-ತ್ಯಾಜ್ಯ ವಿಲೇವಾರಿಯ ಜೊತೆಗೇ ನಮ್ಮ ಡಬ್ಬಿಯನ್ನೂ ಸೇರಿಸಿಬಿಡಬಹುದು. ಅದು ಹೋಗುವ ತನಕ ಉಬ್ಬಿದ ಬ್ಯಾಟರಿಗಳ ಕನೆಕ್ಟರ್‌ಗೆ ಟೇಪ್ ಸುತ್ತಿ, ಮರಳು ತುಂಬಿದ ಲೋಹದ ಬಕೆಟ್‌ನಲ್ಲಿ, ಮನೆಯ ಹೊರಗೆ, ಮಳೆ ಬಿಸಿಲು ತಾಗದ ಕಡೆ ಇಡಿ.